ಮೊದಲ ಬಾಗಿಲೇ ದೂರವಾದರೆ

2025ರ ಡಿಸೆಂಬರ್ 16ರಂದು ನಾಸಿಕ್‌ನ ಸೆಷನ್ಸ್ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಮಹಾರಾಷ್ಟ್ರದ ಕ್ರೀಡಾ ಸಚಿವರೂ ನಾಸಿಕ್ ಜಿಲ್ಲೆಯ ಸಿನ್ನರ್ ಕ್ಷೇತ್ರದ ಶಾಸಕರೂ ಆಗಿದ್ದ ಮಾಣಿಕರಾವ್ ಕೋಕಾಟೆ ಅವರಿಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಫೆಬ್ರವರಿಯಲ್ಲಿ ವಿಧಿಸಿದ್ದ ಎರಡು ವರ್ಷಗಳ ಶಿಕ್ಷೆಯನ್ನು ಅದು ಎತ್ತಿಹಿಡಿಯಿತು. ಕಡಿಮೆ ಆದಾಯದವರಿಗಾಗಿ ಇದ್ದ ಮುಖ್ಯಮಂತ್ರಿ ಕೋಟಾದ ಮನೆಯನ್ನು ಸುಳ್ಳು ಮಾಹಿತಿ ಕೊಟ್ಟು ಪಡೆದರು ಎಂಬುದು ಆರೋಪ. ಪ್ರಕರಣದ ಬೇರು ಇರುವುದು 1995ರಲ್ಲಿ. ಡಿಸೆಂಬರ್ 19ರಂದು ಬಾಂಬೆ ಹೈಕೋರ್ಟ್ ಅವರಿಗೆ ಜಾಮೀನು ನೀಡಿತು, ಆದರೆ ದೋಷಿ ಎಂಬ ತೀರ್ಪಿಗೆ ತಡೆ ಕೊಡಲಿಲ್ಲ. ಡಿಸೆಂಬರ್ 22ರಂದು ಸುಪ್ರೀಂ ಕೋರ್ಟ್ ಶಾಸಕ ಸ್ಥಾನ ಕೈತಪ್ಪದಷ್ಟರ ಮಟ್ಟಿಗೆ ಆ ತಡೆಯನ್ನೂ ಕೊಟ್ಟಿತು. ನಡುವೆ ಸಚಿವ ಸ್ಥಾನಕ್ಕೆ ರಾಜೀನಾಮೆ ಬಿದ್ದಿತ್ತು.

ನಾಸಿಕ್, ಮುಂಬಯಿ, ದೆಹಲಿ. ಒಂದು ವಾರದೊಳಗೆ ಮೂರು ನ್ಯಾಯಾಲಯ. ಇದರಲ್ಲಿ ಅಕ್ರಮವೇನೂ ಇಲ್ಲ. ಶಿಕ್ಷೆಯಾದವರು ಮೇಲಿನ ಕೋರ್ಟಿಗೆ ಹೋಗುವುದು ಹಕ್ಕು, ಆ ಕೋರ್ಟುಗಳು ಬೇಗ ಕೇಳಿಸಿಕೊಂಡಿದ್ದು ತಪ್ಪಲ್ಲ. ಆದರೆ ಇದೇ ನಾಸಿಕ್ ಜಿಲ್ಲೆಯ ಸುರಗಾಣಾ, ಪೇಠ್ ತಾಲ್ಲೂಕುಗಳ ಆದಿವಾಸಿಗೆ ಇದೇ ದಾರಿಯನ್ನು ಎಷ್ಟು ದಿನದಲ್ಲಿ ಕ್ರಮಿಸಲು ಸಾಧ್ಯ ಎಂದು ಕೇಳಿಕೊಂಡರೆ, ಭಾರತದ ಹೈಕೋರ್ಟುಗಳ ಬಗ್ಗೆ ನಡೆಯಬೇಕಾದ ಒಂದು ಚರ್ಚೆ ಅಲ್ಲಿಂದ ಶುರುವಾಗುತ್ತದೆ. ಹೈಕೋರ್ಟ್ ಏನು ತೀರ್ಪು ಕೊಟ್ಟಿತು ಎಂದು ಪತ್ರಿಕೆಗಳು ದಿನವೂ ಬರೆಯುತ್ತವೆ. ಅದು ಎಲ್ಲಿ ಕುಳಿತು ಕೊಟ್ಟಿತು ಎಂಬ ಪ್ರಶ್ನೆಯನ್ನು ವಕೀಲರ ಮುಷ್ಕರ ನಡೆದಾಗ ಮಾತ್ರ ಯಾರಾದರೂ ಎತ್ತುತ್ತಾರೆ.

ಹೈಕೋರ್ಟ್ ದೊಡ್ಡವರ ಕೋರ್ಟೇ?

ಒಂದು ನಂಬಿಕೆ ಬಲವಾಗಿ ಬೇರೂರಿದೆ. ಬಡವರ ವ್ಯಾಜ್ಯ ತಾಲ್ಲೂಕು ಕೋರ್ಟಿನಲ್ಲೋ ಜಿಲ್ಲಾ ಕೋರ್ಟಿನಲ್ಲೋ ಮುಗಿಯುತ್ತದೆ, ಹೈಕೋರ್ಟಿಗೆ ಹೋಗುವವರು ದುಡ್ಡಿದ್ದವರು, ಅವರಿಗೆ ದೂರ ಒಂದು ಲೆಕ್ಕವಲ್ಲ ಎಂಬುದು ಆ ನಂಬಿಕೆ. ಕಾನೂನು ಪುಸ್ತಕ ತೆರೆದರೆ ಅದು ಉಲ್ಟಾ ಹೊಡೆಯುತ್ತದೆ.

2006ರ ಅರಣ್ಯ ಹಕ್ಕು ಕಾಯ್ದೆಯನ್ನೇ ನೋಡಿ. ಕಾಡಿನಲ್ಲಿ ತಲೆಮಾರುಗಳಿಂದ ಉಳುತ್ತಿರುವ ಕುಟುಂಬ ಗ್ರಾಮಸಭೆಗೆ ಅರ್ಜಿ ಕೊಡುತ್ತದೆ. ಅದು ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಂದ ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತದೆ. ಜಿಲ್ಲಾ ಸಮಿತಿಯ ತೀರ್ಮಾನವೇ ಅಂತಿಮ ಎಂದು ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. ಸಮಿತಿ ‘ಇಲ್ಲ’ ಎಂದರೆ ಮುಂದೆ? ಸಿವಿಲ್ ಕೋರ್ಟೂ ಇಲ್ಲ, ಜಿಲ್ಲಾ ನ್ಯಾಯಾಧೀಶರೂ ಇಲ್ಲ. ಉಳಿಯುವುದು ಹೈಕೋರ್ಟಿನ ರಿಟ್ ಅರ್ಜಿ. ಅಂದರೆ ಎರಡು ಎಕರೆ ಕಾಡುಭೂಮಿಯ ಹಕ್ಕು ಕೇಳುವವನು ತನ್ನ ಜೀವನದಲ್ಲಿ ಕಾಣುವ ಮೊಟ್ಟಮೊದಲ ನ್ಯಾಯಾಧೀಶರೇ ಹೈಕೋರ್ಟಿನ ನ್ಯಾಯಮೂರ್ತಿ.

ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರದ ಕಾಯ್ದೆಯೂ ಹಾಗೆಯೇ. ಮೀಸಲಾತಿಯಲ್ಲಿ ಸೀಟು ಸಿಕ್ಕ ವಿದ್ಯಾರ್ಥಿಯ ಪ್ರಮಾಣಪತ್ರವನ್ನು ಪರಿಶೀಲನಾ ಸಮಿತಿ ತಿರಸ್ಕರಿಸಿದರೆ, ಆ ಆದೇಶವನ್ನು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ಬಿಟ್ಟು ಬೇರೆಲ್ಲೂ ಪ್ರಶ್ನಿಸುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ. ಕಾಲೇಜಿನ ಪ್ರವೇಶಕ್ಕೆ ಕೊನೆಯ ದಿನಾಂಕ ಹತ್ತಿರವಾಗುತ್ತಿರುತ್ತದೆ, ಅಪ್ಪ ಮಗಳು ಹೈಕೋರ್ಟಿನ ಊರಿಗೆ ಬಸ್ಸು ಹತ್ತಬೇಕು.

ರಸ್ತೆ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ಜಿಲ್ಲೆಯ ಮೋಟಾರು ಅಪಘಾತ ನ್ಯಾಯಮಂಡಳಿ ಪರಿಹಾರ ಕೊಡಿಸುತ್ತದೆ. ಮೇಲ್ಮನವಿ ಮಾತ್ರ ನೇರವಾಗಿ ಹೈಕೋರ್ಟಿಗೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಕೆ ಮೇಲ್ಮನವಿ ಹಾಕದಿದ್ದರೂ ವಿಮಾ ಕಂಪನಿ ಹಾಕಬಹುದು. ಆಗ ಗೆದ್ದವಳೇ ತನ್ನ ಗೆಲುವನ್ನು ಉಳಿಸಿಕೊಳ್ಳಲು ದೂರದ ಊರಿನಲ್ಲಿ ವಕೀಲರನ್ನು ಹಿಡಿಯಬೇಕು. ಕಂಪನಿಗೆ ಹೈಕೋರ್ಟಿನ ಊರಿನಲ್ಲಿ ಕಚೇರಿ ಇರುತ್ತದೆ, ವಕೀಲರ ಪಟ್ಟಿ ಸಿದ್ಧವಿರುತ್ತದೆ. ಆಕೆಗೆ ಇರುವುದು ಹೊಲ ಮತ್ತು ಮಕ್ಕಳು. ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ಹುಟ್ಟಿದ್ದು ಬರೀ ವಿಳಂಬದಿಂದಲ್ಲ, ಅಲೆದಾಟದಿಂದ ಕೂಡ.

ಭೂಸ್ವಾಧೀನದ ಕಥೆಯೂ ಇದೇ. 2013ರ ಕಾಯ್ದೆಯಡಿ ಪರಿಹಾರದ ಮೊತ್ತದ ಮೇಲಿನ ಮೇಲ್ಮನವಿ ಹೈಕೋರ್ಟಿಗೇ ಹೋಗುತ್ತದೆ. ಕಾನೂನು ಹೀಗೆ ಒಂದೊಂದೇ ವಿಷಯದಲ್ಲಿ ಕೆಳಗಿನ ಬಾಗಿಲುಗಳನ್ನು ಮುಚ್ಚುತ್ತ ಬಂದಿದೆ. ಆದಿವಾಸಿ, ದಲಿತ ವಿದ್ಯಾರ್ಥಿ, ವಿಧವೆ, ಸಣ್ಣ ರೈತ ಇವರಿಗೆಲ್ಲ ಹೈಕೋರ್ಟ್ ಕೊನೆಯ ಬಾಗಿಲಾಗಿ ಉಳಿದಿಲ್ಲ, ಬಹಳ ಸಲ ಮೊದಲ ಬಾಗಿಲೇ ಅದು. ಮೊದಲ ಬಾಗಿಲು 300–400 ಕಿಲೋಮೀಟರ್ ದೂರದಲ್ಲಿದ್ದರೆ ಅದನ್ನು ತಟ್ಟದೆ ಸುಮ್ಮನಾಗುವವರೇ ಹೆಚ್ಚು.

ಎರಡು ಊರು, ಎರಡು ದಿಕ್ಕು

ನಾಸಿಕ್‌ನಿಂದ ಮುಂಬಯಿಗೂ ಛತ್ರಪತಿ ಸಂಭಾಜಿನಗರಕ್ಕೂ ದೂರ ಹೆಚ್ಚುಕಡಿಮೆ ಒಂದೇ, ಎರಡೂ 200 ಕಿಲೋಮೀಟರ್‌ ಒಳಗೇ. ಎರಡೂ ಕಡೆ ಹೈಕೋರ್ಟ್ ಇದೆ. ಆದರೆ ನಾಸಿಕ್ ಜಿಲ್ಲೆ ಮುಂಬಯಿಯ ಪ್ರಧಾನ ಪೀಠಕ್ಕೆ ಸೇರಿದ್ದು. ಅದಕ್ಕೆ ಹೊಂದಿಕೊಂಡ ಧುಳೆ, ಜಳಗಾಂವ್, ಅಹಿಲ್ಯಾನಗರ ಜಿಲ್ಲೆಗಳು ಸಂಭಾಜಿನಗರದ ಪೀಠಕ್ಕೆ ಹೋಗುತ್ತವೆ. ಮರಾಠವಾಡದ ಎಂಟು, ಅದರ ಪಶ್ಚಿಮ ಮತ್ತು ಉತ್ತರದ ನಾಲ್ಕು, ಒಟ್ಟು 12 ಜಿಲ್ಲೆಗಳು ಆ ಪೀಠದ ವ್ಯಾಪ್ತಿಯಲ್ಲಿವೆ.

ಊರಿನ ಹೆಸರು ಔರಂಗಾಬಾದ್‌ನಿಂದ ಛತ್ರಪತಿ ಸಂಭಾಜಿನಗರವಾದದ್ದು 2023ರಲ್ಲಿ. ಅದನ್ನು ಪ್ರಶ್ನಿಸಿದ ಅರ್ಜಿಗಳನ್ನು 2024ರ ಮೇ 8ರಂದು ಮುಂಬಯಿಯಲ್ಲಿ ಹೈಕೋರ್ಟ್ ವಜಾ ಮಾಡಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲು ನಿರಾಕರಿಸಿತು. ತಮಾಷೆಯೆಂದರೆ ಊರಿನ ಹೆಸರು ಬದಲಾದರೂ ಹೈಕೋರ್ಟಿನ ಪೀಠ ಔರಂಗಾಬಾದ್ ಪೀಠವಾಗಿಯೇ ಮುಂದುವರಿಯಿತು, ಮುಂಬಯಿಯ ಹೈಕೋರ್ಟ್ ಬಾಂಬೆ ಹೈಕೋರ್ಟಾಗಿಯೇ ಉಳಿದ ಹಾಗೆ. ಹೆಸರಿಗಾಗಿ ನಡೆದ ಜಗಳ ದೇಶದ ಗಮನ ಸೆಳೆಯಿತು. ಆ ಪೀಠ ಹುಟ್ಟಲು ನಡೆದ ಜಗಳ ಮರಾಠವಾಡದ ಆಚೆ ಬಹುತೇಕ ಮರೆತೇಹೋಗಿದೆ.

ಅದನ್ನು ಕನ್ನಡಿಗರು ಮರೆಯಬಾರದು, ಏಕೆಂದರೆ ಅದು ಅರ್ಧ ಕರ್ನಾಟಕದ ಕಥೆಯೂ ಹೌದು. 1956ರವರೆಗೆ ಔರಂಗಾಬಾದ್, ನಾಂದೇಡ್, ಬೀಡ್‌ಗಳೂ ಬೀದರ್, ಕಲಬುರಗಿ, ರಾಯಚೂರುಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಹೈಕೋರ್ಟ್ ಇದ್ದದ್ದು ಹೈದರಾಬಾದಿನಲ್ಲಿ. ಬೀದರಿನವರಿಗೆ ಅದು 150 ಕಿಲೋಮೀಟರ್ ಕೂಡ ಇರಲಿಲ್ಲ. ಭಾಷಾವಾರು ರಾಜ್ಯಗಳು ಬಂದವು. ಮರಾಠವಾಡ ಮುಂಬಯಿಗೆ, ಬೀದರ್ ಬೆಂಗಳೂರಿಗೆ ಸೇರಿತು. ಒಂದೇ ರಾತ್ರಿಯಲ್ಲಿ ಬೀದರಿನ ರೈತನ ಹೈಕೋರ್ಟ್ ಸುಮಾರು 700 ಕಿಲೋಮೀಟರ್ ಆಚೆ ಸರಿಯಿತು. ತನ್ನ ಭಾಷೆಯ ರಾಜ್ಯ ಸಿಕ್ಕಿತು, ಕೋರ್ಟು ಕೈಜಾರಿತು. ಏಕೀಕರಣದ ಸಂಭ್ರಮದಲ್ಲಿ ಈ ಬೆಲೆಯನ್ನು ಯಾರೂ ಲೆಕ್ಕ ಹಾಕಲಿಲ್ಲ.

ಮರಾಠವಾಡ 25 ವರ್ಷ ಕಾದಿತು. 1981ರ ಆಗಸ್ಟ್ 27ರಂದು ಔರಂಗಾಬಾದ್‌ನಲ್ಲಿ ತಾತ್ಕಾಲಿಕ ಪೀಠ ಶುರುವಾಯಿತು. ನಾಲ್ಕೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ತನ್ನದೇ ಮುಖ್ಯ ನ್ಯಾಯಮೂರ್ತಿಯ ಆ ಆದೇಶವನ್ನು ರದ್ದು ಮಾಡಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1982ರಲ್ಲಿ, ನಾರಾಯಣ ಶಾಮರಾವ್ ಪುರಾಣಿಕ್ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಪೀಠವನ್ನು ಉಳಿಸಿತು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 51(3)ನೇ ಸೆಕ್ಷನ್ ಪ್ರಕಾರ, ರಾಜ್ಯಪಾಲರ ಒಪ್ಪಿಗೆ ಪಡೆದು ನ್ಯಾಯಮೂರ್ತಿಗಳು ಬೇರೆ ಊರಿನಲ್ಲೂ ಕುಳಿತು ಕಲಾಪ ನಡೆಸುವಂತೆ ಮಾಡುವ ಅಧಿಕಾರ ಮುಖ್ಯ ನ್ಯಾಯಮೂರ್ತಿಗೆ ಇದೆ ಎಂದಿತು. 1984ರ ಆಗಸ್ಟ್ 27ರಂದು ಅದು ಕಾಯಂ ಪೀಠವಾಯಿತು.

ಅತ್ತ ಬೀದರ್, ಕಲಬುರಗಿಯ ಕಾಯುವಿಕೆ ಇನ್ನೂ ದೀರ್ಘ. 2000ದಲ್ಲಿ ಕರ್ನಾಟಕದ ವಕೀಲರ ಸಂಘಗಳ ಒಕ್ಕೂಟ ಪೀಠಕ್ಕಾಗಿ ಸುಪ್ರೀಂ ಕೋರ್ಟಿನ ಮೊರೆ ಹೋದಾಗ, ಇದು ಕೋರ್ಟು ಆದೇಶಿಸುವ ವಿಷಯವಲ್ಲ ಎಂದು ಅರ್ಜಿ ವಜಾ ಆಯಿತು. ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಬಂದದ್ದು 2008ರ ಜುಲೈನಲ್ಲಿ, ಅವು ಕಾಯಂ ಆದದ್ದು 2013ರ ಆಗಸ್ಟ್‌ನಲ್ಲಿ. ಒಂದೇ ನಿಜಾಮನ ಸೀಮೆಯಿಂದ ಹೊರಟ ಎರಡು ಪ್ರದೇಶಗಳಲ್ಲಿ ಒಂದು 25 ವರ್ಷ, ಇನ್ನೊಂದು 52 ವರ್ಷ ಕಾದಿತು. ಈ ವ್ಯತ್ಯಾಸಕ್ಕೆ ಕಾನೂನಿನಲ್ಲಿ ಕಾರಣ ಹುಡುಕಿದರೆ ಸಿಗದು. ಎರಡಕ್ಕೂ ಅನ್ವಯಿಸುತ್ತಿದ್ದದ್ದು ಅದೇ ಕಾಯ್ದೆ, ಅದೇ ಸೆಕ್ಷನ್.

ಕೊಲ್ಹಾಪುರದ ಹೊಸ ಬಾಗಿಲು

ಇದೇ 51(3)ನೇ ಸೆಕ್ಷನ್ 2025ರಲ್ಲಿ ಮತ್ತೆ ಎಚ್ಚರಗೊಂಡಿತು. ದಶಕಗಳ ಹೋರಾಟದ ನಂತರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲಿ ಬಾಂಬೆ ಹೈಕೋರ್ಟಿನ ಸಂಚಾರಿ ಪೀಠ ಕೆಲಸ ಆರಂಭಿಸಿತು. ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ರತ್ನಾಗಿರಿ, ಸಿಂಧುದುರ್ಗ ಜಿಲ್ಲೆಗಳು ಅದರ ಪಾಲಿಗೆ ಬಂದವು. ಇದನ್ನೂ ಪ್ರಶ್ನಿಸಲಾಯಿತು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಅರ್ಜಿಯನ್ನು ತಳ್ಳಿಹಾಕಿ ಪೀಠವನ್ನು ಎತ್ತಿಹಿಡಿಯಿತು.

ಕನ್ನಡದ ಕಣ್ಣಿನಿಂದ ನೋಡಿದರೆ ಇದು ಸಣ್ಣ ಸುದ್ದಿಯಲ್ಲ. ಸಾಂಗಲಿಯ ಜತ್ತ, ಸೊಲ್ಲಾಪುರದ ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಲ್ಲಿ ಕನ್ನಡ ಮನೆಮಾತಾಗಿರುವ ಹಳ್ಳಿಗಳು ಸಾಲುಸಾಲು. ಅವರಿಗೆಲ್ಲ ಅಲ್ಲಿಯವರೆಗೆ ಹೈಕೋರ್ಟ್ ಎಂದರೆ ಮುಂಬಯಿ. ಜತ್ತದವರಿಗೆ ಕೊಲ್ಹಾಪುರ ನಿಜಕ್ಕೂ ಹತ್ತಿರ. ಅಕ್ಕಲಕೋಟೆಯವರಿಗೆ ಅಷ್ಟು ಹತ್ತಿರವಲ್ಲ. ಅವರಿಗೆ 100 ಕಿಲೋಮೀಟರ್‌ ಒಳಗೇ ಇರುವ ಹೈಕೋರ್ಟ್ ಪೀಠ ಕಲಬುರಗಿಯದು, ಆದರೆ ಅದು ಗಡಿಯ ಆಚೆ. ರಾಜ್ಯದ ಗಡಿ ದಾಟಿ ನ್ಯಾಯ ಕೇಳುವಂತಿಲ್ಲ, ಅದು ಸರಿಯೇ. ಗಡಿಯ ಒಳಗಾದರೂ ದೂರವನ್ನು ಅಳೆಯುವವರು ಯಾರು ಎಂಬುದೇ ಪ್ರಶ್ನೆ.

51(3)ನೇ ಸೆಕ್ಷನ್ ಓದಿದರೆ ಅದರಲ್ಲಿ ಮುಖ್ಯ ನ್ಯಾಯಮೂರ್ತಿ ಇದ್ದಾರೆ, ರಾಜ್ಯಪಾಲರು ಇದ್ದಾರೆ. ಕಕ್ಷಿದಾರ ಇಲ್ಲ. ಯಾವ ಜಿಲ್ಲೆಯಿಂದ ಎಷ್ಟು ಅರ್ಜಿ ಬರುತ್ತವೆ, ಯಾವ ಬಗೆಯ ಪ್ರಕರಣ, ಎಷ್ಟು ದೂರ, ಎಷ್ಟು ಖರ್ಚು ಎಂದು ಪ್ರಕಟಿಸಿ ತೀರ್ಮಾನಿಸಬೇಕೆಂಬ ಒಂದು ಮಾತೂ ಅದರಲ್ಲಿಲ್ಲ. ಅಳತೆಗೋಲು ಇಲ್ಲದ ಕಡೆ ಪೀಠ ಊರಿನ ಪ್ರತಿಷ್ಠೆಯಾಗುತ್ತದೆ. ಒಂದು ಊರಿನ ವಕೀಲರು ಕಲಾಪ ಬಹಿಷ್ಕರಿಸುತ್ತಾರೆ, ರಾಜಧಾನಿಯ ವಕೀಲರು ವಿರೋಧಿಸುತ್ತಾರೆ, ಯಾವ ಮುಖ್ಯಮಂತ್ರಿ, ಯಾವ ಮುಖ್ಯ ನ್ಯಾಯಮೂರ್ತಿ ಒಂದೇ ಕಾಲಕ್ಕೆ ಒಲಿಯುತ್ತಾರೋ ಅಲ್ಲಿಗೆ ಪೀಠ ಬರುತ್ತದೆ. ಪುಣೆ ಕೇಳುತ್ತಲೇ ಇದೆ. ಇತ್ತ ಬೆಂಗಳೂರಿನಿಂದ 350 ಕಿಲೋಮೀಟರ್ ದೂರದ ಮಂಗಳೂರು ಕೇಳುತ್ತಿದೆ. ಕೇಳುವ ದನಿ ಜೋರಿಲ್ಲದ ಊರುಗಳ ಹೆಸರು ಪಟ್ಟಿಗೇ ಬರುವುದಿಲ್ಲ.

ವಿರೋಧದ ಮಾತುಗಳು

ಪೀಠಗಳ ವಿರುದ್ಧ ಹೇಳುವವರ ವಾದಗಳನ್ನು ಕಡೆಗಣಿಸುವಂತಿಲ್ಲ. ಮೊದಲನೆಯದು, ಪೀಠ ಹೆಚ್ಚಿದ ಮಾತ್ರಕ್ಕೆ ನ್ಯಾಯಮೂರ್ತಿಗಳು ಹೆಚ್ಚುವುದಿಲ್ಲ. ಬಾಂಬೆ ಹೈಕೋರ್ಟಿಗೆ ಮಂಜೂರಾದ ಹುದ್ದೆ 94, ಕರ್ನಾಟಕಕ್ಕೆ 62. ಅದೇ ಸಂಖ್ಯೆಯನ್ನು ಇನ್ನೊಂದು ಊರಿಗೂ ಹಂಚಬೇಕು. ಇದು ನಿಜ. ಆದರೆ ಇದು ಖಾಲಿ ಹುದ್ದೆಗಳನ್ನು ತುಂಬಬೇಕೆನ್ನುವ ವಾದವಾಗುತ್ತದೆಯೇ ಹೊರತು ಎಲ್ಲರನ್ನೂ ಒಂದೇ ಊರಿನಲ್ಲಿ ಕೂರಿಸಬೇಕೆನ್ನುವ ವಾದವಾಗುವುದಿಲ್ಲ.

ಎರಡನೆಯದು, ದೂರದ ಪೀಠದಲ್ಲಿ ಕಾನೂನಿನ ಗುಣಮಟ್ಟ ಇಳಿಯುತ್ತದೆ, ಸ್ಥಳೀಯ ಒತ್ತಡ ಕೆಲಸ ಮಾಡುತ್ತದೆ ಎಂಬುದು. ಇದಕ್ಕೆ ಔರಂಗಾಬಾದ್ ಪೀಠದ ದಾಖಲೆಯೇ ಉತ್ತರ. 2020ರ ಆಗಸ್ಟ್‌ನಲ್ಲಿ, ಕೋವಿಡ್ ಹರಡಿದ್ದೇ ತಬ್ಲೀಘಿ ಜಮಾತ್‌ನವರು ಎಂಬ ಮಾತು ದೇಶದಲ್ಲಿ ಕಾವೇರಿದ್ದ ಕಾಲದಲ್ಲಿ, 29 ವಿದೇಶಿಯರ ಮೇಲಿನ ಎಫ್‌ಐಆರ್‌ಗಳನ್ನು ಈ ಪೀಠ ರದ್ದು ಮಾಡಿ ಅವರನ್ನು ಹರಕೆಯ ಕುರಿಗಳನ್ನಾಗಿ ಮಾಡಿದಂತಿದೆ ಎಂದಿತು. 2024ರ ಡಿಸೆಂಬರ್‌ನಲ್ಲಿ ಪರಭಣಿಯಲ್ಲಿ ಸಂವಿಧಾನದ ಪ್ರತಿಕೃತಿಗೆ ಹಾನಿಯಾದ ಬಳಿಕ ಗಲಭೆಯಾಯಿತು. ಆಗ ಬಂಧಿತನಾದ ದಲಿತ ಸಮುದಾಯದ ಕಾನೂನು ವಿದ್ಯಾರ್ಥಿಯೊಬ್ಬ ಕಸ್ಟಡಿಯಲ್ಲಿ ಸತ್ತ. ತಾಯಿ ಔರಂಗಾಬಾದ್ ಪೀಠಕ್ಕೆ ಬಂದಳು. 2025ರ ಜುಲೈ 4ರಂದು ಪೀಠ ಪೊಲೀಸರ ಮೇಲೆ ಎಫ್‌ಐಆರ್ ದಾಖಲಿಸಲು ಆದೇಶಿಸಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು, ತಿಂಗಳು ಮುಗಿಯುವುದರೊಳಗೆ ಅಲ್ಲಿಯೂ ಸೋತಿತು. ಪರಭಣಿಯಿಂದ ಸಂಭಾಜಿನಗರ ಅರ್ಧ ದಿನದ ದಾರಿ, ಮುಂಬಯಿ ಸುಮಾರು 500 ಕಿಲೋಮೀಟರ್. 1981ರ ಜಗಳದಲ್ಲಿ ಇನ್ನೊಂದು ಪಕ್ಷ ಗೆದ್ದಿದ್ದರೆ ಆ ತಾಯಿ ಮುಂಬಯಿಗೆ ಹೋಗಬೇಕಿತ್ತು. ಹೋಗುತ್ತಿದ್ದಳೇನೋ. ಹಾಗೆ ಹೋಗಲಾರದ ತಾಯಂದಿರೂ ಇದ್ದಾರೆ.

ಮೂರನೆಯದು ಈಗಿನ ಕಾಲದ ವಾದ: ರಸ್ತೆ ಬಂದಿದೆ, ವಿಡಿಯೋ ಬಂದಿದೆ, ಇನ್ನು ದೂರವೆಲ್ಲಿ? ನಾಗಪುರದಿಂದ ಮುಂಬಯಿವರೆಗಿನ 701 ಕಿಲೋಮೀಟರ್ ಸಮೃದ್ಧಿ ಮಹಾಮಾರ್ಗ 2025ರ ಜೂನ್ 5ರಂದು ಪೂರ್ತಿ ತೆರೆಯಿತು. ಸಂಭಾಜಿನಗರದ ಪಕ್ಕದಲ್ಲೇ ಹಾದು ನಾಸಿಕ್ ಜಿಲ್ಲೆಯ ಇಗತ್‌ಪುರಿಯ ಮೂಲಕ ಇಳಿಯುತ್ತದೆ. ಕಾರಿದ್ದವನಿಗೆ ಅದು ವರ. ಬೈಕನ್ನೂ ಆಟೋವನ್ನೂ ಅದರ ಮೇಲೆ ಬಿಡುವುದಿಲ್ಲ. ನಾಸಿಕ್ ನಗರದ ವಕೀಲರಿಗೆ ಬೆಳಗಿನ ಪಂಚವಟಿ ಎಕ್ಸ್‌ಪ್ರೆಸ್ ಇದೆ, ಸಂಜೆ ಮನೆಗೆ ಮರಳಬಹುದು. ಸುರಗಾಣಾದವನಿಗೆ ಆ ರೈಲು ಹತ್ತಲು ನಾಸಿಕ್‌ವರೆಗೆ ಬರುವುದೇ ಒಂದು ದಿನದ ಕೂಲಿ.

2018ರ ಮಾರ್ಚ್‌ನಲ್ಲಿ ಇದೇ ಜನ ಆ ದಾರಿಯನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿದ್ದರು. 6ನೇ ತಾರೀಕು ನಾಸಿಕ್ ಬಿಟ್ಟ ರೈತರ ಮೆರವಣಿಗೆ ಸುಮಾರು 180 ಕಿಲೋಮೀಟರ್ ನಡೆದು 12ಕ್ಕೆ ಮುಂಬಯಿಯ ಆಜಾದ್ ಮೈದಾನ ಸೇರಿತು. ಒಡೆದ ಹಿಮ್ಮಡಿಗಳ ಫೋಟೋ ದೇಶವೆಲ್ಲ ನೋಡಿತು. ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು ಅರಣ್ಯ ಹಕ್ಕು ಕಾಯ್ದೆಯಡಿ ಭೂಮಿ. ಆಜಾದ್ ಮೈದಾನದಿಂದ ಹೈಕೋರ್ಟಿನ ಕಟ್ಟಡ ಕಾಲ್ನಡಿಗೆಯ ದೂರದಲ್ಲೇ ಇದೆ. ಹಕ್ಕಿಗಾಗಿ ಅಷ್ಟು ದೂರ ನಡೆದವರು ಸರ್ಕಾರದ ಬಾಗಿಲಿಗೆ ಗುಂಪಾಗಿ ಬಂದರು. ಕೋರ್ಟಿಗೆ ಗುಂಪಾಗಿ ಬರಲಾಗದು. ಅಲ್ಲಿಗೆ ಒಬ್ಬೊಬ್ಬರೇ, ಒಂದೊಂದು ಅರ್ಜಿ ಹಿಡಿದು, ವಾಯಿದೆಯ ಮೇಲೆ ವಾಯಿದೆಗೆ ಬರಬೇಕು.

ನಾಸಿಕ್‌ಗೆ ಏನು ಬೇಕು?

ಹಾಗಾದರೆ ಊರೂರಿಗೂ ಪೀಠ ಬೇಕೇ? ಬೇಡ. ನಾಸಿಕ್ ಉದಾಹರಣೆಯೇ ಇದಕ್ಕೆ ಸಾಕ್ಷಿ. ಎರಡು ಪೀಠಗಳ ನಡುವೆ ಇರುವ ಈ ಊರಿಗೆ ಮೂರನೆಯದೊಂದು ಪೀಠ ಕೇಳುವುದರಲ್ಲಿ ಅರ್ಥ ಕಡಿಮೆ. ಪರಿಸರದ ಪ್ರಶ್ನೆಗೆ ಅದು ಈಗಾಗಲೇ ಪುಣೆಗೆ ಹೋಗುತ್ತದೆ: 2027ರ ಕುಂಭಮೇಳಕ್ಕಾಗಿ ತಪೋವನದ ಮರಗಳನ್ನು ಕಡಿಯುವ ಯೋಜನೆಗೆ 2025ರ ಡಿಸೆಂಬರ್‌ನಲ್ಲಿ ತಡೆ ಕೊಟ್ಟವುಗಳಲ್ಲಿ ಹಸಿರು ನ್ಯಾಯಮಂಡಳಿಯ ಪುಣೆ ಪೀಠವೂ ಒಂದು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಾಸಿಕ್ ಜಿಲ್ಲಾ ನ್ಯಾಯಾಲಯಕ್ಕೆ ಬಹುಮಹಡಿಯ ಹೊಸ ಕಟ್ಟಡವೂ ಬಂದಿದೆ. ಆ ಕಟ್ಟಡದ ಒಂದು ಕೋಣೆಯನ್ನು ಹೈಕೋರ್ಟಿನ ಬಾಗಿಲಾಗಿ ಮಾಡಬಹುದು.

ಅಂದರೆ ಏನು? ಅರಣ್ಯ ಹಕ್ಕು, ಜಾತಿ ಪ್ರಮಾಣಪತ್ರ, ಅಪಘಾತ ಪರಿಹಾರ, ಭೂಸ್ವಾಧೀನ ಪರಿಹಾರ, ಹೀಗೆ ಕಾನೂನೇ ಹೈಕೋರ್ಟನ್ನು ಮೊದಲ ಬಾಗಿಲು ಮಾಡಿರುವ ಪ್ರಕರಣಗಳನ್ನು ಬೇರೆ ಗುರುತಿಸುವುದು. ಅವುಗಳ ಅರ್ಜಿಯನ್ನು ಜಿಲ್ಲಾ ನ್ಯಾಯಾಲಯದಲ್ಲೇ ಸ್ವೀಕರಿಸುವುದು. ಕಕ್ಷಿದಾರ ಮತ್ತು ಅವನ ಜಿಲ್ಲೆಯ ವಕೀಲ ಅಲ್ಲಿಂದಲೇ ವಿಡಿಯೋ ಮೂಲಕ ವಾದಿಸುವುದನ್ನು ನ್ಯಾಯಮೂರ್ತಿಯ ಮರ್ಜಿಗೆ ಬಿಡದೆ ಹಕ್ಕಾಗಿ ಕೊಡುವುದು. 2023ರಲ್ಲಿ ಕೇಂದ್ರ ಸರ್ಕಾರ ಇ-ಕೋರ್ಟ್ ಯೋಜನೆಯ ಮೂರನೆಯ ಹಂತಕ್ಕೆ 7,210 ಕೋಟಿ ರೂಪಾಯಿ ಮಂಜೂರು ಮಾಡಿದೆ. ಪರದೆ, ಕ್ಯಾಮೆರಾ ಕೊಳ್ಳಲು ಹಣವಿಲ್ಲ ಎನ್ನುವಂತಿಲ್ಲ. ಇಂದು ವಿಡಿಯೋ ವಿಚಾರಣೆ ಹೆಚ್ಚು ಅನುಕೂಲವಾಗಿರುವುದು ದೆಹಲಿಯ ಹಿರಿಯ ವಕೀಲರಿಗೆ. ಪೇಠ್‌ನ ಆದಿವಾಸಿಯ ವಕೀಲ ಈಗಲೂ ಮುಂಬಯಿಯಲ್ಲೇ ಇರಬೇಕಾಗುತ್ತದೆ, ಅವನ ಶುಲ್ಕವೂ ಮುಂಬಯಿಯದೇ ಆಗಿರುತ್ತದೆ.

ಉಚಿತ ಕಾನೂನು ನೆರವಿನದೂ ಇದೇ ಪಾಡು. 1987ರ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗಬೇಕು. ಆದರೆ ಹೈಕೋರ್ಟಿನಲ್ಲಿ ಆ ನೆರವು ಕೊಡುವ ಸಮಿತಿ ಇರುವುದು ಹೈಕೋರ್ಟ್ ಇರುವ ಊರಿನಲ್ಲೇ. ಕಕ್ಷಿದಾರ ಎಂದೂ ಮುಖ ನೋಡದ ವಕೀಲ ಅವನ ಹೊಲದ ಗಡಿಯ ಬಗ್ಗೆ ವಾದಿಸುತ್ತಾನೆ.

ಇನ್ನು ಪೀಠಗಳ ವಿಷಯಕ್ಕೆ ಬಂದರೆ, ಸಂಚಾರಿ ಎಂಬ ಪದಕ್ಕೆ ಅದರ ಅರ್ಥವನ್ನು ಮರಳಿ ಕೊಡಬಹುದು. ಧಾರವಾಡ, ಕಲಬುರಗಿಗಳಲ್ಲಿ ಸಂಚಾರಿ ಎಂದು ಶುರುವಾದದ್ದು ಕಾಯಂ ಆಗಿ, ಕಟ್ಟಡಗಳಾಗಿ ನೆಲೆನಿಂತಿತು. ಅದು ಬೇಕಿತ್ತು. ಆದರೆ ತಿಂಗಳಿಗೆ ಕೆಲವು ದಿನ ನ್ಯಾಯಮೂರ್ತಿಯೇ ನಂದುರಬಾರಿಗೋ ಸೊಲ್ಲಾಪುರಕ್ಕೋ ಮಂಗಳೂರಿಗೋ ಬಂದು ಜಿಲ್ಲಾ ನ್ಯಾಯಾಲಯದಲ್ಲಿ ಕುಳಿತು ಕೇಳುವುದಕ್ಕೆ 51(3)ನೇ ಸೆಕ್ಷನ್ ಅಡ್ಡಿಯಿಲ್ಲ. ಅದಕ್ಕೆ ಹೊಸ ಕಟ್ಟಡ ಬೇಡ, ಊರೂರುಗಳ ನಡುವೆ ಪೈಪೋಟಿಯೂ ಬೇಡ. ಎಲ್ಲಿಗೆ, ಎಷ್ಟು ದಿನ ಎಂಬುದನ್ನು ಪ್ರಕಟಿಸಿದ ಅಂಕಿಅಂಶದ ಮೇಲೆ ತೀರ್ಮಾನಿಸಿದರೆ ಸಾಕು.

ಆ ಅಂಕಿಅಂಶದಲ್ಲೇ ಒಂದು ತೊಡಕಿದೆ. ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲದಲ್ಲಿ ಯಾವ ಕೋರ್ಟಿನಲ್ಲಿ ಎಷ್ಟು ಪ್ರಕರಣ ಬಾಕಿ ಎಂಬುದು ಸಿಗುತ್ತದೆ. ದೂರದ ಕಾರಣಕ್ಕೆ ಹೂಡದೇ ಹೋದ ಪ್ರಕರಣಗಳ ಲೆಕ್ಕ ಯಾವ ಜಾಲದಲ್ಲೂ ಸಿಗದು. ಜಿಲ್ಲಾ ಸಮಿತಿ ತಿರಸ್ಕರಿಸಿದ ಅರಣ್ಯ ಹಕ್ಕಿನ ಅರ್ಜಿಗಳೆಷ್ಟು, ಅವುಗಳಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದವು ಎಷ್ಟು ಎಂದು ಜಿಲ್ಲೆಜಿಲ್ಲೆಗೆ ಹೋಲಿಸಿ ನೋಡಿದರೆ ಅದರ ಅಂದಾಜು ಸಿಗುತ್ತದೆ. ಎರಡು ಸಂಖ್ಯೆಗಳೂ ಸರ್ಕಾರಿ ಕಡತಗಳಲ್ಲೇ ಇರುವಂಥವು. ನಾಸಿಕ್ ಜಿಲ್ಲೆಯದನ್ನೂ ಸಂಭಾಜಿನಗರ ಪೀಠಕ್ಕೆ ಸೇರಿದ ನಂದುರಬಾರದ್ದನ್ನೂ ಪಕ್ಕಪಕ್ಕ ಇಟ್ಟು ಪ್ರಕಟಿಸುವ ಕೆಲಸವನ್ನು ಹೈಕೋರ್ಟ್ ನಾಳೆಯೇ ಶುರುಮಾಡಬಹುದು. ಮುಂದಿನ ಪೀಠ ಎಲ್ಲಿಗೆ ಎಂಬ ಜಗಳ ಶುರುವಾಗುವ ಮೊದಲು ಆ ಪಟ್ಟಿ ಎಲ್ಲರ ಕೈಯಲ್ಲಿರಬೇಕು.